ಕಮಲಕ್ಕ ಮೇಸ್ತ್ರಿಯನ್ನು ಗೊತ್ತು ಮಾಡಿದ್ದು

ನಮ್ಮ ಕಾರ್ಖಾನೆಯ ಕ್ಯಾಂಟೀನಿಗೆ ಕಮಲಾಕ್ಷಿಯವರು ಸೂಪರ್‌ವೈಸರ್ ಆಗಿದ್ದಷ್ಟು ಕಾಲ ಅಲ್ಲೊಂದು ನಿಯಮವಿತ್ತು. ಅಡುಗೆ ಮಾಡಿದವನು ಮೊದಲ ತಟ್ಟೆಯನ್ನು ಎಲ್ಲರೆದುರು ಕೂತು ಉಣ್ಣಬೇಕು. ಆಮೇಲೆ ಕಾರ್ಮಿಕರು, ಆಮೇಲೆ ಸಾಹೇಬರುಗಳು, ಸಾರು ಮಿಕ್ಕಿದ್ದರೆ ಲೆಕ್ಕಪತ್ರ ವಿಭಾಗದವನಾದ ನಾನು. ಒಮ್ಮೆ ಯಾದಗಿರಿ ಎಂಬ ಅಡುಗೆಯವನು ಬೇಳೆ ಹೊತ್ತಿಸಿದ. ಬೇರೆ ಯಾರಾದರೂ ಆಗಿದ್ದರೆ ಬೈದು ಮುಗಿಸುತ್ತಿದ್ದರು. ಕಮಲಕ್ಕ ಬೈಯಲಿಲ್ಲ. ಸೌಟು ಹಿಡಿದು ಅವನ ಪಕ್ಕದಲ್ಲಿ ನಿಂತು, ಸಂಕೋಚ ಮಾಡಿಕೊಳ್ಳಬೇಡಪ್ಪಾ ಎಂದು ತೆಲುಗಿನಲ್ಲಿ ಉಪಚಾರ ಹೇಳುತ್ತ, ಅವನ ಕಣ್ಣಲ್ಲಿ ನೀರು ಬರುವ ತನಕ ಅದೇ ಬೇಳೆಯನ್ನು ಬಡಿಸಿದರು. ಅಂದಿನಿಂದ ಯಾದಗಿರಿ ಬೇಳೆ ಹೊತ್ತಿಸಿದ್ದನ್ನು ನಾನು ಕಂಡಿಲ್ಲ. ಬೇಳೆ ತಿಂದದ್ದನ್ನೂ ಕಂಡಿಲ್ಲ.

ಇಂಥ ಹೆಂಗಸಿಗೆ ಒಬ್ಬ ಮೇಸ್ತ್ರಿ ಕೆಟ್ಟ ಮನೆ ಕಟ್ಟಿಕೊಟ್ಟ. ಕತೆ ಇಷ್ಟೇ. ಆದರೆ ಆ ಮನೆ ಎಲ್ಲಿ ಕಟ್ಟಿದ್ದು ಎಂಬುದನ್ನು ಹೇಳಬೇಕಾದರೆ ನಮ್ಮೆಲ್ಲರ ಬುದ್ಧಿವಂತಿಕೆಯ ಮಾತೂ ಬರುತ್ತದೆ.

ಲಿಂಗಂಪಲ್ಲಿ ಸ್ಟೇಷನ್ನಿನಿಂದ ಆಚೆ, ಷೇರ್ ಆಟೋದವರು ಹೆಸರು ಕೇಳಿ ಮುಖ ತಿರುಗಿಸುವಷ್ಟು ಆಚೆ, ನಾವು ಏಳು ಕನ್ನಡ ಸಂಸಾರಗಳು ಒಟ್ಟಾಗಿ ನಿವೇಶನ ಕೊಂಡಿದ್ದೆವು. ಜಾಗದ ಹೆಸರು ಎಲ್ಲಮ್ಮ ಗುಂಟ. ಗುಂಟೆ ಎಂದರೆ ನಮಗೆ ನೆಲದ ಅಳತೆ. ಎಲ್ಲಮ್ಮನೆಂಬ ಪುಣ್ಯಾತ್ಗಿತ್ತಿಯ ಪಾಲಿಗೆ ಬಂದ ಗುಂಟೆಗಳಿರಬೇಕು ಎಂದುಕೊಂಡೆವು. ತೆಲುಗಿನಲ್ಲಿ ಗುಂಟ ಎಂದರೆ ಹೊಂಡ. ಅರ್ಧ ಆಯುಷ್ಯ ಈ ತೆಲುಗು ಊರಿನಲ್ಲಿ ಕಳೆದವರು ನಾವು. ತೆಲುಗಿನಲ್ಲಿ ಬದನೆಕಾಯಿ ಚೌಕಾಸಿ ಮಾಡಬಲ್ಲೆವು, ಕಂಡಕ್ಟರನ ಜೊತೆ ಜಗಳವಾಡಬಲ್ಲೆವು. ಹೊಂಡ ಕೊಳ್ಳುವ ಸಂದರ್ಭ ಮಾತ್ರ ಹಿಂದೆ ಬಂದಿರಲಿಲ್ಲ, ಹಾಗಾಗಿ ಆ ಶಬ್ದದ ಪರಿಚಯವಿರಲಿಲ್ಲ. ನಾನಂತೂ ಕನ್ನಡ ಸಂಘದಲ್ಲಿ ಎರಡೂ ಭಾಷೆಗಳ ಅಕ್ಕತಂಗಿತನದ ಬಗ್ಗೆ ಭಾಷಣ ಮಾಡುತ್ತ ಇದೇ ಗುಂಟೆಯನ್ನು ಉದಾಹರಣೆ ಕೊಟ್ಟು ಚಪ್ಪಾಳೆ ಗಿಟ್ಟಿಸಿದ್ದೆ.

ನೆಲ ಕೆದಕಿದರೆ ಉಸುಕು. ಪಕ್ಕದ ನಾಲಾ ವರ್ಷ ವರ್ಷ ಉಕ್ಕಿ ತಂದು ಹಾಕಿದ ಉಸುಕು. ನಮ್ಮಲ್ಲೊಬ್ಬಳಾದ ನಿರೀಕ್ಷಾ ಮೈಸೂರಿನವಳು, ಐಟಿ ಕಂಪನಿಯ ಹುಡುಗಿ. ಅವಳು ಅದನ್ನು ಮರಳು ಎಂದಳು. ಯಾವ ಹೆಸರಿನಿಂದ ಕರೆದರೂ ಅದು ಕಾಲ ಕೆಳಗೆ ಜಾರುತ್ತಿತ್ತು.

ಅಲ್ಲಿ ಮೊದಲು ಮನೆ ಕಟ್ಟಲು ಧೈರ್ಯ ಬೇಕಾಗಿತ್ತು. ನಮ್ಮ ಗುಂಪಿನಲ್ಲಿ ಧೈರ್ಯವಿದ್ದದ್ದು ಕಮಲಕ್ಕನಿಗೆ ಮಾತ್ರ. ಅವರ ಯಜಮಾನರು ವೀರಭದ್ರಪ್ಪ, ಸೇಡಂ ಕಡೆಯವರು, ಆರಡಿ ಆಳು. ಧೈರ್ಯವನ್ನೆಲ್ಲ ಹೆಂಡತಿಗೆ ಒಪ್ಪಿಸಿ ಎತ್ತರವನ್ನಷ್ಟೇ ಇಟ್ಟುಕೊಂಡವರು. ಮನೆ ಕಟ್ಟಲು ಸಿಕ್ಕವನು ರಾಮದಾಸ. ನಾರಾಯಣಪೇಟೆಯ ಕಡೆಯವನು, ಗಡಿಯಲ್ಲಿ ಹುಟ್ಟಿದ್ದರಿಂದ ಎರಡು ಭಾಷೆಯಲ್ಲೂ ಸಮನಾಗಿ ಸಿಹಿ. "ಅಕ್ಕಾ, ಸಿಮೆಂಟ್ ಬ್ಲಾಕಿನ ಮನಿ ಅಂದ್ರ ಕಿಲ್ಲಾ ಇದ್ದಂಗ" ಎಂದ. ಗೋಡೆಗಳು ನೋಡುನೋಡುತ್ತಲೇ ಎದ್ದವು. ನೆಲದಡಿಗೆ ಏನು ತುಂಬಿಸುತ್ತೀ ಎಂದು ಯಾರೂ ಕೇಳಲಿಲ್ಲ. ಅವನು ಅಗೆದ ಉಸುಕನ್ನೇ ವಾಪಸು ತುಂಬಿಸಿ ಮೇಲೆ ಟೈಲ್ಸ್ ಹಾಸಿಬಿಟ್ಟಿದ್ದ.

ಮುಂದಿನ ಮಳೆಗಾಲದಲ್ಲಿ ನಾಲಾ ಉಕ್ಕಿತು. ನೀರು ಬಾಗಿಲಿನಿಂದ ಬರುವ ಮರ್ಯಾದೆಯನ್ನೂ ತೋರಿಸದೆ ನೆಲದೊಳಗಿಂದಲೇ ಬಂತು. ಅಡುಗೆಮನೆಯ ನೆಲ ನಡುವೆ ಕುಸಿದು ಹಿಟ್ಟು ನಾದುವ ಪರಾತದ ಹಾಗೆ ನೀರು ಹಿಡಿದು ನಿಂತಿತು. ಜೋಳದ ಹಿಟ್ಟಿನ ಡಬ್ಬಿ ತೇಲುತ್ತ ದೇವರ ಗೂಡಿನ ತನಕ ಹೋಗಿ, ದರ್ಶನ ಮಾಡಿಕೊಂಡು ವಾಪಸು ಬಂತು. ಕಮಲಕ್ಕ ಮಂಚದ ಮೇಲೆ ನಿಂತು ರಾಮದಾಸನಿಗೆ ಫೋನು ಹಚ್ಚಿದರು.

"ಅಕ್ಕಾ, ನೀರ ಇಡೀ ಸಿಟಿಗೇ ಬಂದಾವ. ನಿಮ್ಮ ಮನಿಗಷ್ಟ ಬಂದಾವೇನ್ರಿ? ಎರಡ ದಿನ ಅಡ್ಜಸ್ಟ್ ಮಾಡ್ಕೋರಿ" ಎಂದು ಹೇಳಿ ಅವನು ಫೋನಿಟ್ಟ.

ಅಡ್ಜಸ್ಟ್ ಮಾಡಿಕೊಳ್ಳಲು ಕಮಲಕ್ಕ ಹೋದದ್ದು ನಾರಾಯಣಗೂಡದ ಅಹಲ್ಯಾ ಮನೆಗೆ. ಅಹಲ್ಯಾ ಎಂದರೆ ವೀರಭದ್ರಪ್ಪನವರ ತಂಗಿ. ಅಲ್ಲಿ ಜಾಗ ಕೊಳ್ಳಬೇಡಿ ಎಂದು ಮೊದಲೇ ಹೇಳಿದ್ದವಳು, ಮತ್ತು ಅದನ್ನು ಮರೆಯದವಳು. ಅವಳ ಮನೆ ಮೂರನೆಯ ಮಹಡಿಯಲ್ಲಿತ್ತು. ನೆಲ ಒಣಗಿ ಸರಿಯಾಗುವ ತನಕ, ಹೊತ್ತುಹೊತ್ತಿಗೆ ರೊಟ್ಟಿ ಬಡಿಸುವಾಗಲೂ ಅವಳದು ಒಂದೇ ಮಾತು: "ಸಾವಕಾಶ ಉಣ್ರಿ ವೈನಿ. ಇಲ್ಲಿ ನೀರ ಬರಂಗಿಲ್ಲ."

ನೀರು ಬಂದದ್ದನ್ನು ಕಮಲಕ್ಕ ಕ್ಷಮಿಸುತ್ತಿದ್ದರೋ ಏನೋ. ಆ ರೊಟ್ಟಿಗಳನ್ನು ಕ್ಷಮಿಸಲಿಲ್ಲ.

ವಾಪಸು ಬಂದು ನೆಲವನ್ನು ಎತ್ತರಿಸಿದರು. ನೆಲ ಮೇಲೆ ಬಂತು, ಬಾಗಿಲ ಚೌಕಟ್ಟು ಇದ್ದಲ್ಲೇ ಉಳಿಯಿತು. ಇಷ್ಟು ವರ್ಷದ ಸಂಸಾರದಲ್ಲಿ ಯಾರ ಮುಂದೆಯೂ ಬಗ್ಗದಿದ್ದ ವೀರಭದ್ರಪ್ಪನವರು ಈಗ ಅಡುಗೆಮನೆಗೆ ಹೋಗಬೇಕಾದರೂ ನಮಸ್ಕಾರದ ಭಂಗಿಯಲ್ಲಿ ಹೋಗುತ್ತಾರೆ. ಬಣ್ಣ ಹೊಡೆಸುವಾಗ ಕಮಲಕ್ಕ ನೀರಿನ ಕಲೆಯಿದ್ದ ಒಂದು ಗೋಡೆಯನ್ನು ಹಾಗೇ ಬಿಡಿಸಿದರು. ಆ ದಿಕ್ಕಿನಲ್ಲಿ ಯಾರಾದರೂ ಮನೆ ಕಟ್ಟಿಸುವ ಮಾತೆತ್ತಿದರೆ ಕರೆದು ಚಹಾ ಕೊಟ್ಟು, ಶಾಸನ ತೋರಿಸುವವರಂತೆ ಗೋಡೆ ತೋರಿಸುತ್ತಿದ್ದರು. "ಇದು ರಾಮದಾಸರು ಕಟ್ಟಿದ್ದು ನೋಡ್ರಿ." ಮೊದಲು ರಾಮದಾಸ ಎಂದು ಏಕವಚನದಲ್ಲಿ ಕರೆಯುತ್ತಿದ್ದರು. ಈಗ ಮರ್ಯಾದೆ ಬಂದಿತ್ತು. ಕಮಲಕ್ಕನ ಬಾಯಲ್ಲಿ ಮರ್ಯಾದೆ ಬಂತೆಂದರೆ ಆ ಮನುಷ್ಯ ತನ್ನವರಿಗೆ ಹೇಳಿಕೊಂಡು ಹೊರಡಬಹುದು. ಲಿಂಗಂಪಲ್ಲಿಯಿಂದ ಆಚೆ ರಾಮದಾಸನಿಗೆ ಒಂದು ಕೋಳಿಗೂಡು ಕಟ್ಟುವ ಕೆಲಸವೂ ಸಿಗದಾಯಿತು.

ಇಂಥ ಕಾಲದಲ್ಲಿ ನಮ್ಮ ಉಳಿದ ಆರು ಮನೆಗಳಿಗೆ ಮುಹೂರ್ತ ಕೂಡಿಬಂತು. ನಮ್ಮ ಏಳು ಸಂಸಾರಗಳ ಸಮಿತಿಯ ಅಧ್ಯಕ್ಷರು ಬಸವಲಿಂಗಪ್ಪನವರು. ಕೊನೆಗೆ ಮಾತಾಡಿದವರ ಅಭಿಪ್ರಾಯವೇ ಅವರ ಅಭಿಪ್ರಾಯ. ಮೇಸ್ತ್ರಿ ಹುಡುಕುವ ಹೊಣೆ ಕಮಲಕ್ಕನಿಗೆ, ಯಾಕೆಂದರೆ ಮುಳುಗಿದ ಅನುಭವ ಅವರೊಬ್ಬರಿಗೇ ಇತ್ತು. ಗುತ್ತೇದಾರರು ಬಸವಲಿಂಗಪ್ಪನವರ ಹಿಮಾಯತ್‌ನಗರದ ಮನೆಗೆ ಒಬ್ಬೊಬ್ಬರಾಗಿ ಬಂದರು. ಒಬ್ಬ ಲ್ಯಾಪ್‌ಟಾಪಿನಲ್ಲಿ ಮನೆಗಳ ಚಿತ್ರ ತೋರಿಸಿದ; ಹಿಂದೆ ಹಿಮದ ಬೆಟ್ಟಗಳಿದ್ದವು. ಇನ್ನೊಬ್ಬ ಬರುವಾಗಲೇ ವಾಸ್ತುವಿನವನನ್ನು ಕರೆತಂದಿದ್ದ. ಕಮಲಕ್ಕ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದರು. ನೀವು ಕಟ್ಟಿದ ಮನೆಯಲ್ಲಿ ಒಂದು ಮಳೆಗಾಲ ನೀವು ಮಲಗುತ್ತೀರಾ? ಅವರು ನಕ್ಕರು. ಕಮಲಕ್ಕ ಅವರಿಗೆ ಚಹಾ ಕುಡಿಸಿ ಕಳಿಸಿದರು.

ಕಡೆಗೆ ಅವರೇ, "ರಾಮದಾಸರನ್ನ ಕರೀರಿ" ಎಂದರು.

"ಮತ್ತೆ ಅದೇ ಮನುಷ್ಯನಾ ಆಂಟಿ?" ಎಂದಳು ನಿರೀಕ್ಷಾ.

ನಾನು ಎದ್ದು ನಿಂತೆ. ನನ್ನಂತೆ ಕತೆ ಬರೆಯುವವರಿಗೆ ಇದೊಂದು ರೋಗ. ಯಾರಾದರೂ ಉದಾರವಾಗುವುದನ್ನು ಕಂಡರೆ ಎದ್ದು ನಿಂತು ಮಾತಾಡಬೇಕೆನಿಸುತ್ತದೆ. ಕ್ಷಮೆ ಎಂಬುದು ಎಷ್ಟು ದೊಡ್ಡದು, ಅದರಲ್ಲೂ ತಾಯಂದಿರ ಕ್ಷಮೆ, ಎಂದು ನಾಲ್ಕು ಮಾತು ಆಡಿಯೇಬಿಟ್ಟೆ. ಕಮಲಕ್ಕ ಪೂರ್ತಿ ಕೇಳಿಸಿಕೊಂಡರು.

"ಮುಗೀತೇನ್ರಿ ರೈಟರ್ ಸಾಹೇಬ್ರ? ಹಂಗಾರ ಅವರ ನಂಬರ್ ಹಚ್ರಿ."

ರಾಮದಾಸ ಮಾರನೆಯ ದಿನವೇ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಬಾಗಿಲಲ್ಲೇ ಕೈಮುಗಿದ.

"ಅಕ್ಕಾ, ನೀವು ಕರದ್ರಿ ಅಂದಕೂಡ್ಲೆ ನನ್ನ ಕಣ್ಣಾಗ ನೀರ ಬಂದ್ವು."

"ನಮಗ ಮನಿ ತುಂಬ ಬಂದಿದ್ವುರಿ. ಕುಂದರ್ರಿ."

ಅವನು ಕುರ್ಚಿಯ ಅಂಚಿನಲ್ಲಿ ಕೂತ. ಕಮಲಕ್ಕ ಮಾತು ಬೆಳೆಸಲಿಲ್ಲ. "ಮೊದಲನೇದು ಬಸವಲಿಂಗಪ್ಪನವರ ಮನಿ. ಹೆಂಗ ಕಟ್ಟತೀರಿ ಅನ್ನೂದ ನಿಮಗ ಬಿಟ್ಟದ್ದು. ನಮ್ಮೋರು ಒಬ್ಬರೂ ನಡುವ ಬಾಯಿ ಹಾಕಂಗಿಲ್ಲ. ನಮ್ಮದು ಒಂದಽ ಮಾತು. ಕಟ್ಟಿದ ಮನ್ಯಾಗ ಮಳಿಗಾಲ ನೀವಽ ಇರಬೇಕು, ಹೇಣ್ತಿನ ಕರಕೊಂಡು. ಮಳಿಗಾಲ ದಾಟಿದ ಮ್ಯಾಲ ಕೀಲಿ ನಮ್ಮ ಕೈಗೆ."

ರಾಮದಾಸನ ಮುಖ ಹಿಗ್ಗಿತು. ಅವನು ಬೇರೇನೋ ನಿರೀಕ್ಷಿಸಿ ಬಂದಿದ್ದ. "ಇಷ್ಟಽ ಏನಕ್ಕಾ? ನಾ ಇರೂದು ಒಂದ ಖೋಲಿ. ಪುಕ್ಕಟೆ ಹೊಸಾ ಮನಿ ಕೊಟ್ಟ್ರ ಬ್ಯಾಡ ಅಂತೀನೇನು!" ಎಂದು ಎಲೆ ಅಡಿಕೆ ಹಿಡಿದು ಮಾತು ಕೊಟ್ಟ.

ಅವನು ಹೋದ ಮೇಲೆ ನಾನು ಕಮಲಕ್ಕನನ್ನು ಕೇಳಿದೆ, "ಮೇಲೆ ನಿಂತು ನೋಡಿಕೊಳ್ಳದಿದ್ದರೆ ಅವನು ಮತ್ತೆ ಉಸುಕು ತುಂಬುವುದಿಲ್ಲವೇ?"

"ತುಂಬಲಿ."

"ಮತ್ತೆ ನೀರು ಬಂದರೆ?"

"ಬರಲಿ. ಆ ನೀರಾಗ ಅವರು ಬಕೀಟ ಹಿಡಕೊಂಡ ನಿಂತಿರತಾರ. ಆವಾಗ ನಾ ಹೋಗಿ ಒಂದ ಮಾತ ಹೇಳಬೇಕ್ರಿ. ಎರಡ ದಿನ ಅಡ್ಜಸ್ಟ್ ಮಾಡ್ಕೋರಿ ಅಂತ."

"ಬಸವಲಿಂಗಪ್ಪನವರ ಮನೆಯಲ್ಲವೇ ಅಕ್ಕಾ ಅದು?"

"ಅವರದ ಆಮ್ಯಾಲ ನೋಡೂಣು."

ಈ ಮಾತನ್ನು ನಾನು ಬಸವಲಿಂಗಪ್ಪನವರಿಗೆ ಹೇಳಲಿಲ್ಲ. ಅವರಿಗೆ ಬಿಪಿ ಇದೆ ಎಂಬುದು ಒಂದು ಕಾರಣ. ನನಗೆ ಕಮಲಕ್ಕನ ಭಯವಿದೆ ಎಂಬುದು ನಿಜವಾದ ಕಾರಣ.

ಕೆಲಸ ಶುರುವಾಯಿತು. ಪಾಯದ ಗೆರೆಗೆ ಸುಣ್ಣದ ಪುಡಿ ಸುರಿಯುವುದನ್ನು ಇಲ್ಲಿ ಮುಗ್ಗು ಹಾಕುವುದು ಎನ್ನುತ್ತಾರೆ, ಅಂದರೆ ರಂಗೋಲಿ. ರಾಮದಾಸ ರಂಗೋಲಿಯನ್ನು ಚೆನ್ನಾಗಿಯೇ ಹಾಕಿದ. ಮೊಣಕಾಲುದ್ದ ಅಗೆದ, ಪಾಯ ಎಬ್ಬಿಸಿದ, ಅಗೆದ ಉಸುಕನ್ನು ಮತ್ತೆ ಒಳಗೆ ಎಳೆಯತೊಡಗಿದ. ಕಮಲಕ್ಕ ತಮ್ಮ ಮನೆಯ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು, ಮೆಂತ್ಯದ ಸೊಪ್ಪು ಬಿಡಿಸುತ್ತ ಮುಗುಳ್ನಗುತ್ತಿದ್ದರು. ಆ ನಗು ಕಂಡಿದ್ದರೆ ಯಾದಗಿರಿ ಊರು ಬಿಡುತ್ತಿದ್ದ. ಬಸವಲಿಂಗಪ್ಪನವರು ಮಾತ್ರ, "ಕಮಲಕ್ಕ ನಗಾಕತ್ತಾರ ಅಂದ್ರ ಕೆಲಸ ಛಲೋ ನಡದೈತಿ" ಎಂದು ನನ್ನ ಹತ್ತಿರ ಸಮಾಧಾನ ಪಡುತ್ತಿದ್ದರು.

ಎಲ್ಲವೂ ಅಂದುಕೊಂಡಂತೆ ನಡೆದಿದ್ದರೆ ಮನೆ ಮುಳುಗುತ್ತಿತ್ತು. ಕೆಡಿಸಿದ್ದು ಕಮಲಕ್ಕನ ಸಂತೋಷವೇ.

ಒಂದು ಮಧ್ಯಾಹ್ನ ರಾಮದಾಸನ ಹೆಂಡತಿ ಬಂಡೆಮ್ಮ ಗಂಡನಿಗೆ ಬುತ್ತಿ ತಂದಳು. ಗಟ್ಟಿ ಮೈಕಟ್ಟಿನ ಹೆಂಗಸು. ಬುತ್ತಿ ಕೊಟ್ಟು ಹೊರಟವಳನ್ನು ಕಮಲಕ್ಕ ಕರೆದರು. ಕರೆಯಬಾರದಿತ್ತು. ಆದರೆ ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡ ಖುಷಿ, ತಡೆಯಲಾಗಲಿಲ್ಲ.

"ಹೊಸಾ ಮನಿ ಹೆಂಗನಸ್ತೈತಿ ಬಂಡೆವ್ವ?"

"ನಮಗೇನ್ರೆಕ್ಕ, ಸಾಹೇಬ್ರ ಮನಿ."

"ಮಳಿಗಾಲಕ್ಕ ನಿಮ್ಮದಽ ಅಲ್ಲೇನು? ಗಂಡ ಹೇಳಿಲ್ಲ?"

ಬಂಡೆಮ್ಮ ಗಂಡನ ಕಡೆ ನೋಡಿದಳು. ಅವನು ರೊಟ್ಟಿ ಮುರಿಯುವುದರಲ್ಲಿ ಮುಳುಗಿದ್ದ. ಅವಳು ಪಾಯದೊಳಕ್ಕೆ ಇಳಿದು ಒಂದು ಹಿಡಿ ಎತ್ತಿದಳು. ಬೆರಳ ಸಂದಿಯಿಂದ ಅದು ಸುರಿದುಹೋಯಿತು.

"ಏ, ಇದರ ಮ್ಯಾಲ ನಾ ಮಲಗೂದೇನು?"

"ಹಂಗಽ ಹಾಕ್ತಾರ. ಎಲ್ಲಾ ಕಡಿ ಹಂಗಽ."

"ಎಲ್ಲಾ ಕಡಿ ಅಂದ್ರ ಮಂದಿ ಮನ್ಯಾಗ. ನಾ ಮಂದಿ ಏನು?"

"ಅಲ್ಲಲೇ, ಕೇಳಿಲ್ಲಿ..."

"ಅಕ್ಕನ ಮನ್ಯಾಗ ಹಿಟ್ಟಿನ ಡಬ್ಬಿ ತೇಲಿತ್ತಂತ. ಇಲ್ಲಿ ನಾ ತೇಲಬೇಕೇನು? ತೆಗಿ ಇದನೆಲ್ಲ. ತೆಗೀತಿಯೋ ಇಲ್ಲೋ?"

ಆಳುಗಳು ಸಲಿಕೆ ನೆಲಕ್ಕೂರಿ ನಿಂತು ನೋಡಿದರು. ರಾಮದಾಸ ರೊಟ್ಟಿಯನ್ನು ಕೆಳಗಿಟ್ಟ. ಉಸುಕು ಹೊರಗೆ ಬಂತು. ಪಾಯ ಗಟ್ಟಿ ನೆಲ ಸಿಗುವ ತನಕ ಇಳಿಯಿತು. ಟ್ರ್ಯಾಕ್ಟರುಗಳಲ್ಲಿ ಕೆಂಪು ಮೊರಂ ಮಣ್ಣು ಬಂತು. ಅದನ್ನು ಹಾಸಿ, ನೀರು ಹೊಡೆದು, ದಿಮ್ಮಸಿನಿಂದ ಕುಟ್ಟಿ, ಮತ್ತೆ ಹಾಸಿದರು. ಬಂಡೆಮ್ಮ ದಿನಾ ಬುತ್ತಿಯ ನೆಪದಲ್ಲಿ ಬರತೊಡಗಿದಳು. ಬ್ಲಾಕುಗಳ ರಾಶಿಯಿಂದ ಒಂದನ್ನೆತ್ತಿ ಸೊಂಟದ ಎತ್ತರದಿಂದ ನೆಲಕ್ಕೆ ಬಿಡುತ್ತಿದ್ದಳು. ಒಡೆದರೆ ಗಂಡನ ಮುಖ ನೋಡುತ್ತಿದ್ದಳು. ಅಷ್ಟೇ. ಆ ಲೋಡು ವಾಪಸಾಗುತ್ತಿತ್ತು.

ಕಮಲಕ್ಕ ಮೆಂತ್ಯದ ಸೊಪ್ಪಿನ ಕಡ್ಡಿಯನ್ನೂ ಎಲೆಯನ್ನೂ ಒಂದೇ ಬುಟ್ಟಿಗೆ ಹಾಕತೊಡಗಿದರು. ನೆಲದ ಮಟ್ಟ ರಸ್ತೆಯನ್ನು ದಾಟಿ, ಅವರ ಮನೆಯ ಕಿಟಕಿಯ ಮಟ್ಟಕ್ಕೆ ಬಂದ ದಿನ ತಡೆಯಲಾರದೆ ಎದ್ದು ಹೋದರು.

"ಅಷ್ಟ ಎತ್ತರ ಯಾಕಬೇ ಬಂಡೆವ್ವ? ದಿನಾ ಮೆಟ್ಟಲಾ ಹತ್ತೂದು ತ್ರಾಸಲ್ಲೇನು? ಮೊಣಕಾಲ ಹೋಗ್ತಾವ."

"ಹೋಗ್ಲೆಕ್ಕ. ಮೊಣಕಾಲಿಗೆ ಎಣ್ಣಿ ಹಚ್ಚತೀನಿ. ಹಾಸಿಗಿ ತೋದ್ರ ಏನ ಹಚ್ಚಲಿ?"

ಅಂದು ಸಂಜೆ ಕಮಲಕ್ಕ ನನಗೆ ಫೋನು ಮಾಡಿ, "ಸಾಹೇಬ್ರ, ಆಕಿನ್ನ ಸೈಟಿಗೆ ಬಿಡಬಾರದು ಅಂತ ಸಮಿತ್ಯಾಗ ಒಂದ ಠರಾವ್ ಮಾಡಬಹುದೇನ್ರಿ?" ಎಂದು ಕೇಳಿದರು. ಮೇಸ್ತ್ರಿ ಚೆನ್ನಾಗಿ ಕೆಲಸ ಮಾಡುತ್ತಿದ್ದಾನೆಂದು ದೂರು ಕೊಟ್ಟ ಮನುಷ್ಯರನ್ನು ನಾನು ಕಂಡದ್ದು ಅದೇ ಮೊದಲು.

ಮುಂಗಾರಿನ ಮಿರಗದ ಮಳೆ ಬೀಳುವ ಮೊದಲೇ ರಾಮದಾಸ ದಂಪತಿ ಹೊಸ ಮನೆಗೆ ಬಂದರು. ಕಮಲಕ್ಕ ಆಸೆ ಬಿಟ್ಟಿರಲಿಲ್ಲ. ಮೋಡ ಕವಿದಾಗಲೆಲ್ಲ ಅವನಿಗೆ ಫೋನು. "ರಾಮದಾಸರ, ಪಡುವಣ ಕಡಿ ಕಪ್ಪಾಗೇತ್ರಿ. ಸಾಮಾನ ಮ್ಯಾಲಿಟ್ಟೀರೇನು?" ಅವನು ನಡುಗುತ್ತಿದ್ದ. ತಾನೇ ಕಟ್ಟಿದ ಮನೆಯಾದ್ದರಿಂದ ಅದರ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಗುಡುಗಿದರೆ ಎದ್ದು ಗೋಡೆ ಮುಟ್ಟಿ ನೋಡುತ್ತಾನೆಂದು, ಊಟ ಮಾಡುವಾಗಲೂ ಒಂದು ಅಂಗೈಯನ್ನು ನೆಲಕ್ಕೆ ಊರಿಕೊಂಡಿರುತ್ತಾನೆಂದು ಬಂಡೆಮ್ಮ ಹೇಳಿದಳು. ಇದನ್ನು ಕೇಳಿ ಕಮಲಕ್ಕನಿಗೆ ಒಂದು ವಾರ ಚೆನ್ನಾಗಿ ಹಸಿವಾಯಿತು.

ಭಾದ್ರಪದದಲ್ಲಿ ಮಳೆ ಹಿಡಿದು ಬಿಡಲಿಲ್ಲ. ನಾಲಾ ಉಕ್ಕಿದೆಯೆಂದು ಬೆಳಗ್ಗೆ ಸುದ್ದಿ ಬಂತು. ನಾನೂ ಬಸವಲಿಂಗಪ್ಪನವರೂ ಹೋದಾಗ ಎಲ್ಲಮ್ಮ ಗುಂಟ ತನ್ನ ಹೆಸರಿಗೆ ತಕ್ಕಂತೆ ತುಂಬಿತ್ತು. ಕಮಲಕ್ಕ ಸೀರೆ ಎತ್ತಿಕಟ್ಟಿ, ಕೊಡೆ ಹಿಡಿದು, ಗೇಟಿನಲ್ಲಿ ನಮಗಾಗಿಯೇ ಕಾಯುತ್ತಿದ್ದರು. ಹಿಂದೆ ವೀರಭದ್ರಪ್ಪನವರು, ನೀರಿಗಿಂತ ಬಹಳ ಎತ್ತರದಲ್ಲಿ. ಮೊಣಕಾಲ ನೀರಿನಲ್ಲಿ ಮೆರವಣಿಗೆ ಹೊರಟಿತು. ದಾರಿಯುದ್ದಕ್ಕೂ ಕಮಲಕ್ಕನ ತುಟಿ ಅಲುಗುತ್ತಿತ್ತು. ಬಸವಲಿಂಗಪ್ಪನವರು ಅದು ಮಂತ್ರವೆಂದು ತಿಳಿದು ತಾವೂ ಕೈಮುಗಿದರು. ಮಂತ್ರ ಯಾವುದೆಂದು ನನಗೆ ಗೊತ್ತಿತ್ತು.

ನೀರು ಮೆಟ್ಟಿಲುಗಳ ನಡುವೆ ಎಲ್ಲೋ ನಿಂತುಬಿಟ್ಟಿತ್ತು. ಮೇಲೆ ಕಟ್ಟೆಯ ಮೇಲೆ ರಾಮದಾಸ ಒಣಗಿದ ಲುಂಗಿಯುಟ್ಟು ಕೂತಿದ್ದ. ಒಳಗಿನಿಂದ ಮೆಣಸಿನಕಾಯಿ ಭಜಿಯ ವಾಸನೆ. ಕಮಲಕ್ಕ ನೇರ ಒಳಗೆ ಹೋದರು. ಮೂಲೆಮೂಲೆಗೆ ಬೆರಳಾಡಿಸಿದರು. ಮಂಚದ ಕೆಳಗೆ ಬಗ್ಗಿ ನೋಡಿದರು, ಅಡುಗೆಮನೆಯ ನೆಲವನ್ನು ಹಿಮ್ಮಡಿಯಿಂದ ಗುದ್ದಿದರು. ಎಲ್ಲೂ ಒಂದು ಹನಿಯಿಲ್ಲ. ಹೊರಗೆ ಬಂದಾಗ ಅವರ ಮುಖ ಅಹಲ್ಯಾ ಮನೆಯಲ್ಲಿ ಊಟಕ್ಕೆ ಕೂತವರ ಮುಖದ ಹಾಗಿತ್ತು.

ಮಳೆಗಾಲವಿಡೀ ಬಾಡಿದ್ದ ರಾಮದಾಸ ಅರಳಿಬಿಟ್ಟಿದ್ದ. "ನೋಡಿದ್ರೆಲ್ಲಕ್ಕಾ? ಈಗರ ಸಿಟ್ಟ ಇಳೀತೇನ್ರಿ? ಪ್ರೆಸಿಡೆಂಟ್ ಸಾಹೇಬ್ರ, ಹಬ್ಬಕ್ಕ ನಿಮ್ಮ ಕೀಲಿ ನಿಮಗ. ಇನ್ನ ಉಳದದ್ದು ನನ್ನ ಆಳಗೋಳು ಮುಗಸ್ತಾರ. ಅಷ್ಟೂ ಒಮ್ಮೆಲೆ ಎಬ್ಬಸಿಬಿಡೂದು."

ಬಂಡೆಮ್ಮ ಚಹಾ ತಂದಿಟ್ಟಳು. ಕಮಲಕ್ಕ ಲೋಟ ಎತ್ತಿಕೊಂಡು ನಿಧಾನವಾಗಿ ಕುಡಿದರು. ಕುಡಿಯುತ್ತ ಕುಡಿಯುತ್ತ ಅವರ ಮುಖದ ಗಂಟು ಸಡಿಲವಾಯಿತು. ಮೆಂತ್ಯದ ಸೊಪ್ಪಿನ ದಿನಗಳ ಆ ಮುಗುಳ್ನಗು ತುಟಿಯ ಒಂದು ಅಂಚಿನಿಂದ ಹತ್ತಿ ಬಂತು.

"ಆಳಗೋಳು ಕಟ್ಟತಾರ ಖರೆ. ಮುಂದಿನ ಮಳಿಗಾಲ ಆ ಮನ್ಯಾಗ ಯಾರ ಇರತಾರ್ರಿ, ರಾಮದಾಸರ?"

"ಅವರವರ ಮಾಲಕರು."

"ಕಟ್ಟಿದ ಮನ್ಯಾಗ ಮಳಿಗಾಲ ನೀವಽ ಇರಬೇಕು ಅಂತ ಮಾತಲ್ಲೇನು? ಎಲಿ ಅಡಿಕಿ ಹಿಡದೀರಿ. ಎಷ್ಟ ಮನಿ ಕಟ್ಟತೀರಿ?"

"ಆರು..." ಎಂದವನು ಅಲ್ಲೇ ನಿಂತ. ಆರು ಮನೆ, ಆರು ಮಳೆಗಾಲ. ಗೋಡೆ ಮುಟ್ಟಿ ನೋಡುವ ಆರು ಶ್ರಾವಣ, ನೆಲಕ್ಕೆ ಅಂಗೈ ಊರುವ ಆರು ಭಾದ್ರಪದ, ಮೋಡ ಕವಿದಾಗಲೆಲ್ಲ ಫೋನು. "ಅಕ್ಕಾ, ಅದು ಒಂದ ಮನೀದ ಮಾತು!"

"ಒಂದು ಅಂತ ಯಾರಂದ್ರು?"

ಅವನು ಬಸವಲಿಂಗಪ್ಪನವರ ಕಡೆ ತಿರುಗಿದ. ಬಸವಲಿಂಗಪ್ಪನವರು ತಮ್ಮ ಒಣ ನೆಲವನ್ನು ನೋಡುತ್ತಿದ್ದರು. ಕೊನೆಗೆ ಮಾತಾಡಿದವರು ಕಮಲಕ್ಕ, ಆದ್ದರಿಂದ "ಮಾತ ಅಂದ್ರ ಮಾತು" ಎಂದರು. ಅವನು ನನ್ನ ಕಡೆ ತಿರುಗಿದ.

"ಸಾಹೇಬ್ರ, ನೀವು ಬರೆಯೂ ಮಂದಿ. ನೀವರ ಹೇಳ್ರಿ. ಮನಿ ಅಂದ್ರ ಒಂದಽ ಮನಿ ಅಲ್ಲೇನ್ರಿ?"

ನನಗೆ ಅವನ ಮೇಲೆ ನಿಜವಾಗಿ ಕನಿಕರ ಹುಟ್ಟಿತು. ಅವನ ಭುಜದಾಚೆ ನನ್ನ ನಿವೇಶನ ಕಾಣುತ್ತಿತ್ತು, ನಾಲಾಕ್ಕೆ ತಾಗಿಕೊಂಡದ್ದು, ಏಳರಲ್ಲಿ ಎಲ್ಲಕ್ಕಿಂತ ತಗ್ಗಿನದು. ಕಾಣುತ್ತಿತ್ತು ಎಂದದ್ದು ತಪ್ಪು. ಗಡಿ ಕಲ್ಲಿನ ತುದಿ ಮಾತ್ರ ನೀರಿನ ಮೇಲಿತ್ತು. ಈ ಮನುಷ್ಯ ತಾನು ಮಲಗದ ಮನೆಗೆ ಏನು ತುಂಬುತ್ತಾನೆಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ವ್ಯಾಕರಣದ ಪ್ರಕಾರ ನೋಡಿದರೆ," ಎಂದು ನನ್ನ ದನಿ ಶುರುಮಾಡಿದ್ದು ನನಗೇ ಕೇಳಿಸಿತು, "ನಮ್ಮ ಮಾತಿನಲ್ಲಿ ಒಂದಿದ್ದರೂ ಮನಿ, ಆರಿದ್ದರೂ ಮನಿ. 'ಗಳು' ಹಚ್ಚಲೇಬೇಕೆಂದೇನಿಲ್ಲ."

"ಕೇಳಿದ್ರೆಲ್ಲ? ಓದಿದವರು ಹೇಳಾಕತ್ತಾರ" ಎಂದು ಕಮಲಕ್ಕ ಖಾಲಿ ಲೋಟವನ್ನು ಕೆಳಗಿಟ್ಟರು. "ಮುಂದಿನ ವರ್ಷ ರೈಟರ್ ಸಾಹೇಬ್ರದಽ ಕಟ್ಟೂಣು. ಅದು ಭಾಳ ತಗ್ಗಿನಾಗ ಐತಿ."

ರಾಮದಾಸ ನೀರಿನಲ್ಲಿದ್ದ ಗಡಿ ಕಲ್ಲಿನ ತುದಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಆ ನೋಟವನ್ನು ತಪ್ಪಿಸಿಕೊಳ್ಳಲು ನಾನು ಭಜಿಯ ತಟ್ಟೆಯ ಕಡೆ ಬಗ್ಗಿದೆ.

ಬಂಡೆಮ್ಮ ತಟ್ಟೆಯನ್ನು ನನ್ನ ಹತ್ತಿರಕ್ಕೆ ಸರಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದಳು, "ಸಾಹೇಬ್ರ, ನಮ್ಮ ಆ ಮನ್ಯಾಗ ಅಡಗಿಮನಿ ಯಾವ ದಿಕ್ಕಿಗೆ ಬರ್ತೈತ್ರಿ? ಇಲ್ಲಿ ಹೊಗಿ ಹೊರಗ ಹೋಗವಲ್ದು."